ಇಟಲಿಯವರನ್ನು ಅರಿಯಬೇಕಾ? ಒಂದು ಊರು ಹಿಡಿಯಿರಿ

ಇಟಲಿಯ ಜನ, ಅವರ ಬದುಕು ಕುರಿತು ಓದುಗರು ಕೇಳಿದ ಕೆಲವು ಪ್ರಶ್ನೆಗಳು ಮತ್ತು ಉತ್ತರ.

ಪ್ರಶ್ನೆ: ಇಟಲಿ ಅಂದರೆ ನನಗೆ ಗೊತ್ತಿರುವುದು ಪಿಜ್ಜಾ, ಫುಟ್‌ಬಾಲ್, ಪೀಸಾದ ವಾಲಿದ ಗೋಪುರ, ಅಷ್ಟೇ. ಅಲ್ಲಿನ ಜನರನ್ನು ಸರಿಯಾಗಿ ತಿಳಿದುಕೊಳ್ಳಲು ಎಲ್ಲಿಂದ ಶುರು ಮಾಡಬೇಕು?

ಯಾವುದಾದರೂ ಒಂದು ಊರಿನಿಂದ. ಇಡೀ ದೇಶವನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳಲು ಹೋದರೆ ಏನೂ ದಕ್ಕುವುದಿಲ್ಲ. ಯಾಕೆಂದರೆ ಅಲ್ಲಿ ಊರುಗಳು ಹಳೆಯವು, ದೇಶ ಹೊಸದು. ಇಟಲಿ ಒಂದು ರಾಜ್ಯವಾಗಿದ್ದು 1861ರಲ್ಲಿ. ಆಗಲೂ ಎಲ್ಲರೂ ಸೇರಿರಲಿಲ್ಲ. ವೆನಿಸ್ 1866ರಲ್ಲಿ ಬಂತು, ಪೋಪ್ ಕೈಯಲ್ಲಿದ್ದ ರೋಮ್ 1870ರಲ್ಲಿ. ಅಲ್ಲಿಯವರೆಗೆ ರಾಜಧಾನಿ ಮೊದಲು ಟ್ಯೂರಿನ್, ಆಮೇಲೆ ಫ್ಲಾರೆನ್ಸ್. 1946ರ ಜೂನ್ 2ರಂದು ರಾಜ ಬೇಕಾ ಗಣರಾಜ್ಯ ಬೇಕಾ ಅಂತ ಜನರನ್ನು ಕೇಳಿದಾಗ ಉತ್ತರದ ಹೆಚ್ಚಿನವರು ಗಣರಾಜ್ಯ ಅಂದರು, ದಕ್ಷಿಣದ ಹೆಚ್ಚಿನವರು ರಾಜನೇ ಇರಲಿ ಅಂದರು. ಒಂದೇ ದೇಶ, ಎರಡು ಮನಸ್ಸು. ಅದರ ಗುರುತು ಇವತ್ತಿಗೂ ಇದೆ.

ಹಾಗಾಗಿ ಇಟಲಿಯವರಿಗೆ ಮೊದಲು ಊರು, ಆಮೇಲೆ ಉಳಿದದ್ದು. ಪಕ್ಕದ ಊರಿನ ಮೇಲೆ ಹಳೆಯ ಸಿಟ್ಟೂ ಜೊತೆಗೇ ಬರುತ್ತದೆ. ಪೀಸಾ ಮತ್ತು ಲಿವೋರ್ನೊ ನಡುವೆ ಸುಮಾರು 20 ಕಿಲೋಮೀಟರ್ ಇರಬಹುದು. ಆದರೆ ಲಿವೋರ್ನೊದವರ ಗಾದೆ ಕೇಳಿ: ಬಾಗಿಲಲ್ಲಿ ಪೀಸಾದವನು ನಿಲ್ಲುವುದಕ್ಕಿಂತ ಮನೆಯೊಳಗೆ ಹೆಣ ಇರುವುದೇ ವಾಸಿ! ಇವತ್ತು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಮರೆತಿಲ್ಲ ನೋಡಿ.

ಪ್ರಶ್ನೆ: ಸಿಯೆನಾ ಊರಿನ ಕುದುರೆ ಓಟದ ವಿಡಿಯೊ ನೋಡಿದೆ. ಒಂದೂವರೆ ನಿಮಿಷವೂ ಇಲ್ಲ, ಆದರೆ ಜನ ಬಿಕ್ಕಿ ಬಿಕ್ಕಿ ಅಳುತ್ತಾರೆ. ಯಾಕೆ?

ಒಳ್ಳೆ ಪ್ರಶ್ನೆ. ಇದು ಪಾಲಿಯೊ. ವರ್ಷಕ್ಕೆ ಎರಡು ಸಲ, ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುತ್ತದೆ. ಪ್ರವಾಸಿಗರಿಗೆ ಅಂತ ಮಾಡಿದ ಆಟ ಅಂತ ಅಂದುಕೊಳ್ಳಬೇಡಿ, ಊರಿನವರು ಊರಿನವರಿಗಾಗಿ ನಡೆಸುವುದು ಇದು. ಸಿಯೆನಾದಲ್ಲಿ 17 ಕೇರಿಗಳಿವೆ, ಕೊಂತ್ರಾದಾ ಅನ್ನುತ್ತಾರೆ. ಬಸವನಹುಳು, ಆಮೆ, ಹೆಬ್ಬಾತು, ಜಿರಾಫೆ, ಕಂಬಳಿಹುಳು ಹೀಗೆ ಹೆಸರುಗಳು. ಪ್ರತಿ ಕೇರಿಗೂ ಅದರದ್ದೇ ಬಾವುಟ, ಚರ್ಚು, ಮ್ಯೂಸಿಯಂ, ಕಾರಂಜಿ ಇದೆ. ಮಗು ಹುಟ್ಟಿದರೆ ಚರ್ಚಿನ ದೀಕ್ಷೆ ಒಂದು ಕಡೆ, ಕೇರಿಯ ಕಾರಂಜಿ ನೀರಿನಲ್ಲಿ ಇನ್ನೊಂದು ದೀಕ್ಷೆ. ಅವತ್ತಿನಿಂದ ಸಾಯುವ ತನಕ ಆ ಮಗು ಆ ಕೇರಿಯದ್ದು.

ಒಂದು ಓಟದಲ್ಲಿ 17ರಲ್ಲಿ ಹತ್ತು ಕೇರಿಗಳಿಗೆ ಮಾತ್ರ ಜಾಗ. ಯಾವ ಕುದುರೆ ಯಾರಿಗೆ ಅನ್ನುವುದು ಚೀಟಿ ಎತ್ತಿ ಗೊತ್ತಾಗುತ್ತದೆ, ದುಡ್ಡು ಕೊಟ್ಟು ಒಳ್ಳೆಯದನ್ನು ತರುವಂತಿಲ್ಲ. ಓಟದ ದಿನ ಕುದುರೆಯನ್ನು ಕೇರಿಯ ಚರ್ಚಿನೊಳಗೇ ಕರೆತಂದು, ಪಾದ್ರಿ ಆಶೀರ್ವಾದ ಮಾಡಿ, ಹೋಗು, ಗೆದ್ದು ಬಾ ಅಂತ ಕಳಿಸುತ್ತಾರೆ. ಆಮೇಲೆ ಪಿಯಾತ್ಸಾ ದೆಲ್ ಕಾಂಪೊ ಚೌಕದ ಸುತ್ತ ಮಣ್ಣು ಹಾಸಿದ ದಾರಿಯಲ್ಲಿ ಮೂರು ಸುತ್ತು. ಸವಾರನಿಗೆ ಜೀನು ಇಲ್ಲ, ಬರೀ ಬೆನ್ನಿನ ಮೇಲೆ ಕೂರಬೇಕು. ಬಿದ್ದರೆ? ಕುದುರೆ ಒಂದೇ ಓಡಿ ಮೊದಲು ಬಂದರೂ ಗೆದ್ದಂತೆಯೇ. ಬಹುಮಾನ ಬಣ್ಣ ಬರೆದ ಒಂದು ರೇಷ್ಮೆ ಬಟ್ಟೆ, ಅಷ್ಟೇ. ಗೆದ್ದ ಕೇರಿ ಮುಂದೆ ಬೀದಿ ತುಂಬ ಮೇಜು ಹಾಕಿ ಔತಣ ಮಾಡುವಾಗ ಕುದುರೆಗೂ ಮುಖ್ಯ ಅತಿಥಿಯ ಜಾಗ. ತಲೆಮಾರುಗಳ ಹಗೆ, ಹೆಮ್ಮೆ ಎಲ್ಲ ಆ ಒಂದೂವರೆ ನಿಮಿಷದಲ್ಲಿ ತೀರ್ಮಾನವಾಗುವಾಗ ಅಳು ಬಾರದೆ ಇರುತ್ತದಾ?

ಕಡಿದಾದ ತಿರುವಿನಲ್ಲಿ ಕುದುರೆಗಳು ಬಿದ್ದು ಸತ್ತದ್ದೂ ಇದೆ, ಪ್ರಾಣಿ ದಯೆಯವರು ಇದನ್ನು ಬಹಳ ಕಾಲದಿಂದ ವಿರೋಧಿಸುತ್ತಿದ್ದಾರೆ. ಅವರ ಮಾತಿನಲ್ಲಿ ನ್ಯಾಯ ಇದೆ ಅಂತ ನನಗನ್ನಿಸುತ್ತದೆ. ಆದರೂ ಸಿಯೆನಾದವರನ್ನು ಅರಿಯಲು ಪಾಲಿಯೊ ಬಿಟ್ಟು ಬೇರೆ ದಾರಿ ಇಲ್ಲ.

ಪ್ರಶ್ನೆ: ಅಲ್ಲಿ ಕಾಫಿ ಕುಡಿಯುವುದಕ್ಕೂ ನಿಯಮ ಇದೆಯಂತೆ, ನಿಜವಾ?

ನಿಯಮ ಅಲ್ಲ, ರೂಢಿ. ಬೆಳಿಗ್ಗೆ ನೊರೆ ಹಾಲು ಹಾಕಿದ ಕಾಪುಚೀನೊ, ಊಟ ಆದ ಮೇಲೆ ಹಾಲಿಲ್ಲದ ಚಿಕ್ಕ ಎಸ್ಪ್ರೆಸೊ. ಕೌಂಟರ್ ಹತ್ತಿರ ನಿಂತು ಎರಡು ಗುಟುಕಿನಲ್ಲಿ ಮುಗಿಸಿದರೆ ಒಂದು ಯೂರೊ ಚಿಲ್ಲರೆ ಆಗುತ್ತದೆ. ಅದೇ ಕಾಫಿ, ಕೂತು ಕುಡಿದರೆ ಬಹಳ ಕಡೆ ಜಾಸ್ತಿ ದುಡ್ಡು, ವೆನಿಸಿನ ಸೇಂಟ್ ಮಾರ್ಕ್ ಚೌಕದಂಥ ಜಾಗದಲ್ಲಂತೂ ಹಲವು ಪಟ್ಟು. ಒಳಗೆ ಹೋದ ಕೂಡಲೇ "ಬೊಂಜೋರ್ನೊ" ಅನ್ನಿ, ನಮ್ಮ ನಮಸ್ಕಾರದ ಹಾಗೆ. ಸುಮ್ನೆ ಹೋಗಿ ಕೈ ತೋರಿಸಿ ಕೇಳುವುದು ಅವರಿಗೆ ಒರಟಾಗಿ ಕಾಣುತ್ತದೆ. ನೇಪಲ್ಸ್‌ನಲ್ಲಿ ಇನ್ನೊಂದು ಪದ್ಧತಿ ಇದೆ, ನನಗೆ ಬಹಳ ಇಷ್ಟವಾದದ್ದು. ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗುತ್ತಾರೆ. ಕೈಯಲ್ಲಿ ಕಾಸಿಲ್ಲದ ಯಾರೋ ಆಮೇಲೆ ಬಂದು ಆ ಇನ್ನೊಂದನ್ನು ಕೇಳಿ ಕುಡಿಯಬಹುದು. ಕೊಟ್ಟವರು ಯಾರು ಅಂತ ಕುಡಿದವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಇಟಾಲಿಯನ್ ಕಲಿತರೆ ದೇಶವೆಲ್ಲ ನಡೆಯುತ್ತದಾ?

ಈಗ ನಡೆಯುತ್ತದೆ. 1861ರಲ್ಲಿ ಆ ಭಾಷೆ ಆಡುತ್ತಿದ್ದವರು ಕೆಲವೇ ಜನ, ಉಳಿದವರೆಲ್ಲ ತಮ್ಮ ಸೀಮೆಯ ಮಾತಿನವರು. ಶಾಲೆ, ಸೈನ್ಯ ಮಾಡದ ಕೆಲಸವನ್ನು 1954ರಲ್ಲಿ ಶುರುವಾದ ಟಿವಿ ಮಾಡಿತು. 1960ರ ದಶಕದಲ್ಲಿ ಆಲ್ಬೆರ್ತೊ ಮಾಂತ್ಸಿ ಅನ್ನುವ ಮೇಷ್ಟ್ರು ಸಂಜೆ ಹೊತ್ತು ಟಿವಿಯಲ್ಲಿ ಚಿತ್ರ ಬರೆಯುತ್ತಾ ಅಕ್ಷರ ಕಲಿಸುತ್ತಿದ್ದರು, ದುಡಿದು ದಣಿದ ದೊಡ್ಡವರು ಕೂತು ಕಲಿತರು. ಮನೆಯೊಳಗೆ ಮಾತ್ರ ನೇಪಲ್ಸ್, ವೆನಿಸ್, ಸಿಸಿಲಿಯವರು ಈಗಲೂ ತಮ್ಮ ಮಾತನ್ನೇ ಆಡುತ್ತಾರೆ. ಆಸ್ಟ್ರಿಯದ ಗಡಿಯ ಬೋಲ್ಸಾನೊ ಕಡೆ ಹೋದರೆ ಬೋರ್ಡುಗಳಲ್ಲಿ ಜರ್ಮನ್ನೂ ಇರುತ್ತದೆ.

ಪ್ರಶ್ನೆ: ಗಂಡುಮಕ್ಕಳು ಮೂವತ್ತಾದರೂ ಅಮ್ಮನ ಮನೆಯಲ್ಲೇ ಇರುತ್ತಾರಂತೆ?

ಗಂಡುಮಕ್ಕಳಷ್ಟೇ ಅಲ್ಲ. ಮನೆ ಬಿಡುವ ಸರಾಸರಿ ವಯಸ್ಸೇ ಸುಮಾರು 30. ಅಮ್ಮನ ಅಡುಗೆ ಬಿಡಲಾಗದೆ ಅಂತ ಹೊರಗಿನವರು ನಗುತ್ತಾರೆ, ಆದರೆ ಅಸಲಿ ಕಾರಣ ಕಾಯಂ ಕೆಲಸ ಸಿಗದಿರುವುದು, ಬಾಡಿಗೆ ಕೈಗೆಟುಕದಿರುವುದು. ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರುವುದು ಬಹಳ ಮನೆಗಳಲ್ಲಿ ಅಜ್ಜ, ಅಜ್ಜಿಯರೇ. ಇನ್ನೊಂದು ವಿಷಯ: ಮದುವೆಯಾದರೂ ಹೆಂಗಸರು ಹುಟ್ಟಿದ ಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಅಲ್ಲಿ ಭಾರತೀಯರು ಇದ್ದಾರಾ?

ಬಹಳ ಜನ ಇದ್ದಾರೆ, ಅದರಲ್ಲೂ ಪಂಜಾಬಿನ ಸಿಖ್ಖರು. ಉತ್ತರ ಇಟಲಿಯ ಪೋ ನದಿ ಬಯಲಿನ ದನದ ಕೊಟ್ಟಿಗೆಗಳಲ್ಲಿ ನಸುಕಿಗೆ ಎದ್ದು ಹಾಲು ಕರೆಯುವವರಲ್ಲಿ ಇವರು ತುಂಬ ಮಂದಿ. ಪಾರ್ಮೆಸಾನ್ ಚೀಸ್ ಆಗುವುದು ಆ ಹಾಲಿನಿಂದಲೇ. ದನಕ್ಕೆ ಭಾನುವಾರ, ಹಬ್ಬ ಇಲ್ಲವಲ್ಲ, ಸ್ಥಳೀಯ ಯುವಕರು ಬಿಟ್ಟ ಕೆಲಸವನ್ನು ಇವರು ಹಿಡಿದರು. ಅದೇ ಬಯಲಿನ ನೊವೆಲ್ಲಾರಾ ಊರಿನಲ್ಲಿ 2000ದಲ್ಲೇ ದೊಡ್ಡ ಗುರುದ್ವಾರ ಎದ್ದಿತು. ಆದರೆ ರೋಮ್‌ನ ದಕ್ಷಿಣಕ್ಕೆ ಲಾತಿನಾ ಜಿಲ್ಲೆಯ ತರಕಾರಿ ಹೊಲಗಳಲ್ಲಿ ಕಥೆಯೇ ಬೇರೆ. ದಲ್ಲಾಳಿಗಳ ಕೈಗೆ ಸಿಕ್ಕಿ ಕಡಿಮೆ ಕೂಲಿಗೆ ದುಡಿಯುತ್ತಾರೆ. 2024ರ ಜೂನ್‌ನಲ್ಲಿ ಯಂತ್ರಕ್ಕೆ ಸಿಕ್ಕಿ ತೋಳು ತುಂಡಾದ ಪಂಜಾಬಿ ಕೂಲಿಯೊಬ್ಬರನ್ನು ಕೆಲಸಕ್ಕಿಟ್ಟುಕೊಂಡಿದ್ದವನು ಆಸ್ಪತ್ರೆಗೆ ಒಯ್ಯದೆ ಅವರ ಮನೆ ಮುಂದೆ ಬಿಟ್ಟು ಹೋದ, ಆ ಕೂಲಿ ಉಳಿಯಲಿಲ್ಲ. ಇಡೀ ದೇಶ ಬೆಚ್ಚಿತು, ಸಾವಿರಾರು ಜನ ಬೀದಿಗಿಳಿದರು. ಇಟಲಿಯ ಚಂದದ ಬಗ್ಗೆ ಬರೆಯುವಾಗ ಇದನ್ನೂ ಬರೆಯಲೇಬೇಕು.

ಪ್ರಶ್ನೆ: ನಾನು ಪೂರ್ತಿ ಸಸ್ಯಾಹಾರಿ. ಹೊಟ್ಟೆ ತುಂಬುತ್ತದಾ?

ಖಂಡಿತ ತುಂಬುತ್ತದೆ, ಆದರೆ ಕೇಳಿ ತಿನ್ನಿ. ಅಸಲಿ ಪಾರ್ಮೆಸಾನ್‌ನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ರಿಸೊತ್ತೊ ಅನ್ನುವ ಅನ್ನದ ಅಡುಗೆಗೆ ಎಷ್ಟೋ ಸಲ ಮಾಂಸದ ಸಾರು ಬಳಸುತ್ತಾರೆ. ಪಿಜ್ಜಾ ಮರಿನಾರಾ ತಗೊಳ್ಳಿ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಬಿಟ್ಟರೆ ಚೀಸೂ ಇಲ್ಲ. ದಕ್ಷಿಣದ ಪುಲಿಯಾ ಸೀಮೆ ಕಡೆ ಹೋದರೆ ಒಣ ಅವರೆಯಂಥ ಕಾಳನ್ನು ಬೇಯಿಸಿ ಮಸೆದು, ಪಕ್ಕದಲ್ಲಿ ಕಹಿ ಸೊಪ್ಪು ಇಟ್ಟು, ಮೇಲೆ ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ. ಬಡವರ ಊಟ ಅದು, ಅಷ್ಟು ರುಚಿ. ಬಿಲ್ಲಿನಲ್ಲಿ "ಕೊಪೆರ್ತೊ" ಅಂತ ತಲೆಗೆ ಒಂದೆರಡು ಯೂರೊ ಸೇರಿದ್ದರೆ ಮೋಸ ಅಂದುಕೊಳ್ಳಬೇಡಿ, ಮೇಜಿಗೆ, ಬ್ರೆಡ್ಡಿಗೆ ಅಂತ ಹಾಕುವ ದುಡ್ಡು ಅದು, ಮೆನುವಿನಲ್ಲಿ ಮೊದಲೇ ಬರೆದಿರುತ್ತಾರೆ.