ಎದುರಾಳಿಯ ಬಾಯಿಗೂ ಬೀಗ: ಅಭ್ಯರ್ಥಿಯ ಮನೆತನದ ಲಾಭದ ಬಗ್ಗೆ ಯಾರೂ ಏಕೆ ಕೇಳುತ್ತಿಲ್ಲ?

ಪ್ರಶ್ನೆ: ನಮ್ಮ ಕ್ಷೇತ್ರದಲ್ಲಿ ಮಾಜಿ ಸಚಿವರೊಬ್ಬರ ಮಗ ಚುನಾವಣೆಗೆ ನಿಂತಿದ್ದಾರೆ. ಅಪ್ಪ ಅಧಿಕಾರದಲ್ಲಿದ್ದಾಗ ಮನೆಯವರ ಟ್ರಸ್ಟ್‌ಗೆ ಸರ್ಕಾರಿ ಜಮೀನು ಸಿಕ್ಕಿತು, ಮಗನ ಕಂಪನಿಗೆ ಟೆಂಡರ್ ಇಲ್ಲದೆ ಕಾಮಗಾರಿಗಳು ಬಂದವು ಎಂದು ಊರೆಲ್ಲ ಮಾತಾಡಿಕೊಳ್ಳುತ್ತದೆ. ಎದುರು ಪಕ್ಷದ ಅಭ್ಯರ್ಥಿ ರಸ್ತೆ, ನೀರು, ಬೆಲೆ ಏರಿಕೆ ಎಲ್ಲದರ ಬಗ್ಗೆ ಗಂಟಲು ಹರಿದುಕೊಳ್ಳುತ್ತಾರೆ, ಇದೊಂದನ್ನು ಬಿಟ್ಟು. ಮೂರನೆಯ ಪಕ್ಷದವರೂ ತುಟಿ ಬಿಚ್ಚುವುದಿಲ್ಲ. ಆರೋಪ ಸುಳ್ಳು ಎಂದು ಸುಮ್ಮನಿದ್ದಾರೋ, ಎಲ್ಲರಿಗೂ ಪಾಲಿದೆ ಎಂದು ಸುಮ್ಮನಿದ್ದಾರೋ? ಬರೀ ಮತದಾರರಾದ ನಾವು ಏನಾದರೂ ಮಾಡಲು ಸಾಧ್ಯವೇ? (ಹೆಸರು, ಊರು ಬೇಡ ಎಂದಿದ್ದಾರೆ.)

ಉತ್ತರ (ಚುನಾವಣಾ ತಕರಾರು ಪ್ರಕರಣ ನಡೆಸುವ ವಕೀಲರಿಂದ):

ಮೌನವನ್ನು ಸಾಕ್ಷ್ಯ ಎಂದು ನಾನು ಒಪ್ಪುವುದಿಲ್ಲ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಸುಮ್ಮನಿರುವವರಿಗೆ ಅವರವರ ಲೆಕ್ಕ ಇರುತ್ತದೆ. ಆ ಲೆಕ್ಕ ಏನಿರಬಹುದು ಎಂಬುದನ್ನು ಮೊದಲು ನೋಡೋಣ.

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯನ್ನು ನೆನಪಿಸಿಕೊಳ್ಳಿ. ಬಿಜೆಪಿಯಿಂದ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ ಗಾಯಿತ್ರಿ, ಕಾಂಗ್ರೆಸ್‌ನಿಂದ ಸಚಿವ ಎಸ್.ಎಸ್. ಮಲ್ಲಿಕಾರ್ಜುನ ಅವರ ಪತ್ನಿ, ಶಾಮನೂರು ಶಿವಶಂಕರಪ್ಪನವರ ಸೊಸೆ ಪ್ರಭಾ. ಇಲ್ಲಿ ‘ಮನೆಯವರಿಗೇ ಟಿಕೆಟ್ ಏಕೆ’ ಎಂದು ಯಾರು ಯಾರನ್ನು ಕೇಳಬೇಕು? ಅದೇ ವರ್ಷ ನವೆಂಬರ್‌ನಲ್ಲಿ ಮೂರು ಕಡೆ ಉಪಚುನಾವಣೆ ಬಂತು. ಮೂರೂ ಕಡೆ ಶಾಸಕರಾಗಿದ್ದವರು ಸಂಸದರಾಗಿ ಹೋದದ್ದರಿಂದ ತೆರವಾದ ಸ್ಥಾನಗಳು. ಚನ್ನಪಟ್ಟಣದಲ್ಲಿ ಕುಮಾರಸ್ವಾಮಿಯವರ ಮಗ ನಿಖಿಲ್, ಶಿಗ್ಗಾವಿಯಲ್ಲಿ ಬಸವರಾಜ ಬೊಮ್ಮಾಯಿಯವರ ಮಗ ಭರತ್, ಸಂಡೂರಿನಲ್ಲಿ ಇ. ತುಕಾರಾಂ ಅವರ ಪತ್ನಿ ಅನ್ನಪೂರ್ಣ. ಒಬ್ಬರು ಜೆಡಿಎಸ್, ಒಬ್ಬರು ಬಿಜೆಪಿ, ಒಬ್ಬರು ಕಾಂಗ್ರೆಸ್. ಹಂಚಿಕೊಂಡ ಹಾಗಿದೆ. ಇಂಥ ಹೊತ್ತಿನಲ್ಲಿ ಒಂದು ಪಕ್ಷದವರು ವೇದಿಕೆ ಹತ್ತಿ ‘ಕುಟುಂಬ’ ಎಂದು ಬಾಯಿ ತೆರೆದರೆ ಪಕ್ಕದ ತಾಲ್ಲೂಕಿನಲ್ಲಿ ಅವರದೇ ಅಭ್ಯರ್ಥಿ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ. ಚನ್ನಪಟ್ಟಣ, ಶಿಗ್ಗಾವಿಯ ಮತದಾರರು ಮಗನನ್ನು ಒಪ್ಪಲಿಲ್ಲ, ಸಂಡೂರಿನವರು ಪತ್ನಿಯನ್ನು ಒಪ್ಪಿದರು. ಅದು ಬೇರೆ ಮಾತು.

ಯಾರೂ ಮಾತಾಡುವುದೇ ಇಲ್ಲ ಎಂದಲ್ಲ. ಮಾತಾಡುತ್ತಾರೆ, ಯಾವಾಗ ಎಂಬುದನ್ನು ಗಮನಿಸಬೇಕು. ಶಿವಮೊಗ್ಗದಲ್ಲಿ 2024ರಲ್ಲಿ ಕೆ.ಎಸ್. ಈಶ್ವರಪ್ಪನವರು ಯಡಿಯೂರಪ್ಪ ಕುಟುಂಬದ ಹಿಡಿತದ ವಿರುದ್ಧ ಸಿಡಿದೆದ್ದು ಪಕ್ಷೇತರರಾಗಿ ನಿಂತರು, ಪಕ್ಷ ಉಚ್ಚಾಟಿಸಿತು. ಅದಕ್ಕೂ ಮುಂಚೆ ಆಗಿದ್ದೇನು? ಹಾವೇರಿಯಲ್ಲಿ ಅವರ ಮಗ ಕಾಂತೇಶ್‌ಗೆ ಟಿಕೆಟ್ ತಪ್ಪಿತ್ತು. ಮಗನಿಗೆ ಸಿಕ್ಕಿದ್ದರೆ ಆ ಮಾತು ಕೇಳಿಬರುತ್ತಿತ್ತೇ? ತೀರ್ಮಾನ ನಿಮಗೆ ಬಿಟ್ಟಿದ್ದು. ಆದರೆ ನಮ್ಮಲ್ಲಿ ಕುಟುಂಬ ರಾಜಕಾರಣದ ವಿರುದ್ಧದ ದನಿ ಬಹಳ ಸಲ ಸಾಲಿನಲ್ಲಿ ನಿಂತೂ ಬಾಗಿಲು ತೆರೆದುಕೊಳ್ಳದೆ ಹೊರಗುಳಿದವರಿಂದ ಬರುತ್ತದೆ.

ಇದರ ಮೇಲೆ ಬೀಗತನ. ಹೊರಗೆ ಬೈದಾಡುವ ಮನೆತನಗಳು ಒಳಗೆ ಹೆಣ್ಣು ಕೊಟ್ಟು ತಂದುಕೊಂಡಿರುತ್ತವೆ, ಕಾಲೇಜು, ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಗಳಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಬಾಯಿಗೆ ಬೀಗ ಹಾಕುವವರು ಕೆಲವೊಮ್ಮೆ ಬೀಗರೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ‘ಜಿ’ ಕೆಟಗರಿ ನಿವೇಶನಗಳು ಮುಖ್ಯಮಂತ್ರಿಗಳ ವಿವೇಚನೆಯಲ್ಲಿ ಹಂಚಿಕೆಯಾಗುತ್ತಿದ್ದ ಕಾಲದ ಪಟ್ಟಿಯಲ್ಲೂ ಒಂದೇ ಪಕ್ಷದವರಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಎಲ್ಲ ಮೌನವೂ ಹೊಂದಾಣಿಕೆಯಲ್ಲ. ನನ್ನ ಬಳಿ ಬರುವ ಅಭ್ಯರ್ಥಿಗಳಿಗೆ ನಾನೇ ಎಷ್ಟೋ ಸಲ ‘ಇದನ್ನು ಭಾಷಣದಲ್ಲಿ ಎತ್ತಬೇಡಿ’ ಎಂದಿದ್ದೇನೆ. ಪ್ರಜಾಪ್ರತಿನಿಧಿ ಕಾಯ್ದೆ, 1951ರ ಸೆಕ್ಷನ್ 123(4)ರ ಪ್ರಕಾರ, ಎದುರಾಳಿಯ ವೈಯಕ್ತಿಕ ನಡತೆಯ ಬಗ್ಗೆ ತನಗೇ ನಂಬಿಕೆಯಿಲ್ಲದ ಸುಳ್ಳು ಸಂಗತಿಯನ್ನು ಗೆಲುವಿಗೆ ಪೆಟ್ಟು ಬೀಳುವ ಹಾಗೆ ಹೇಳುವುದು ಭ್ರಷ್ಟ ಆಚರಣೆ. ಸಾಬೀತಾದರೆ ಗೆದ್ದ ಸ್ಥಾನವೇ ಹೋಗುತ್ತದೆ, ಮುಂದೆ ಆರು ವರ್ಷದವರೆಗೂ ಅನರ್ಹತೆ ಬರಬಹುದು. ಮಾದರಿ ನೀತಿ ಸಂಹಿತೆಯೂ ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದು, ಖಚಿತಪಡಿಸಿಕೊಳ್ಳದ ಆರೋಪ ಮಾಡಬಾರದು ಎನ್ನುತ್ತದೆ. ಕೈಯಲ್ಲಿ ಕಾಗದವಿಲ್ಲದವನು ಸುಮ್ಮನಿರುವುದು ವಿವೇಕ. ಕಾಗದ ಇಟ್ಟುಕೊಂಡೂ ಸುಮ್ಮನಿರುವವನ ಕಥೆ ಬೇರೆ, ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಹಾಗಾಗಿ ರಾಜಕಾರಣಿಗಳು ಮಾತಾಡಲಿ ಎಂದು ಕಾಯುತ್ತ ಕೂರುವುದು ಬಿಡಿ. ಕಾನೂನು ಕಾಯಲು ಹೇಳಿಯೂ ಇಲ್ಲ. ಅದೇ ಕಾಯ್ದೆಯ ಸೆಕ್ಷನ್ 81ರಲ್ಲಿ ಚುನಾವಣಾ ತಕರಾರು ಅರ್ಜಿಯನ್ನು, ಅಂದರೆ ಗೆದ್ದವರ ಆಯ್ಕೆಯನ್ನು ಪ್ರಶ್ನಿಸುವ ಅರ್ಜಿಯನ್ನು, ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಯಾವ ಮತದಾರನೂ ಹೈಕೋರ್ಟ್‌ಗೆ ಹಾಕಬಹುದು. ಏಕೆ ಹೀಗಿಟ್ಟರು ಎಂಬುದು ಹಾಸನದ ಪ್ರಕರಣದಲ್ಲಿ ಗೊತ್ತಾಗುತ್ತದೆ. 2019ರಲ್ಲಿ ಅಲ್ಲಿ ಗೆದ್ದ ಜೆಡಿಎಸ್‌ನ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು, ಆಸ್ತಿ ವಿವರ ಸರಿಯಾಗಿ ಕೊಡಲಿಲ್ಲವೆಂದು ಇಬ್ಬರು ಪ್ರಶ್ನಿಸಿದರು. ಒಬ್ಬರು ಸೋತ ಬಿಜೆಪಿ ಅಭ್ಯರ್ಥಿ ಎ. ಮಂಜು, ಇನ್ನೊಬ್ಬರು ಕ್ಷೇತ್ರದ ಮತದಾರರಾದ ವಕೀಲರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಆಯ್ಕೆಯನ್ನು ಅಸಿಂಧು ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ತೀರ್ಪು ಬರುವ ಹೊತ್ತಿಗೆ ಮಂಜು ಅವರು ಜೆಡಿಎಸ್ ಸೇರಿ ಅರಕಲಗೂಡಿನ ಶಾಸಕರಾಗಿದ್ದರು! ಅರ್ಜಿದಾರ, ಎದುರುದಾರ ಒಂದೇ ಪಕ್ಷದಲ್ಲಿ. ಇಂಥ ದಿನ ಬರುತ್ತದೆ ಎಂದು 1951ರಲ್ಲೇ ಊಹಿಸಿದ್ದರೋ ಏನೋ, ಅರ್ಜಿ ಹಿಂಪಡೆಯಲು ಹೈಕೋರ್ಟ್‌ನ ಅನುಮತಿ ಬೇಕು, ಹಿಂಪಡೆದರೂ ಅವರ ಜಾಗದಲ್ಲಿ ಅರ್ಹರಾದ ಬೇರೊಬ್ಬರು ಬಂದು ನಿಲ್ಲಬಹುದು (ಸೆಕ್ಷನ್ 109, 110).

ಈಗ ನಿಮ್ಮ ಕ್ಷೇತ್ರಕ್ಕೆ ಬರೋಣ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್, ಅಂದರೆ ನಮೂನೆ 26, ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಇದು ಯಾರೂ ದಯೆಯಿಂದ ಕೊಟ್ಟದ್ದಲ್ಲ. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಮತದಾರನಿಗೆ ತಿಳಿಯುವ ಹಕ್ಕಿದೆ ಎಂದಿತು, ಸಂಸತ್ತು ಅದನ್ನು ಮೊಟಕುಗೊಳಿಸಲು 33ಬಿ ಎಂಬ ಸೆಕ್ಷನ್ ತಂದಿತು, 2003ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನೂ ರದ್ದು ಮಾಡಿತು. ಆ ವಿಷಯದಲ್ಲಿ ಮಾತ್ರ ಪಕ್ಷಗಳ ನಡುವೆ ಎಂಥ ಒಗ್ಗಟ್ಟಿತ್ತು ಅಂತೀರಿ!

ಆದರೆ ನಮೂನೆ 26 ಕೆಳಗೆ ನೋಡುತ್ತದೆ, ಮೇಲೆ ನೋಡುವುದಿಲ್ಲ. ಅಭ್ಯರ್ಥಿ, ಸಂಗಾತಿ, ಅವಿಭಕ್ತ ಕುಟುಂಬ, ಅವಲಂಬಿತರು ಇವರ ಆಸ್ತಿ ಕೇಳುತ್ತದೆ. ಅವಲಂಬಿತರೆಂದರೆ ಸ್ವಂತ ಆದಾಯವಿಲ್ಲದೆ ಅಭ್ಯರ್ಥಿಯ ಮೇಲೆ ಜೀವನಕ್ಕೆ ಆತುಕೊಂಡವರು. ನಿಮ್ಮ ಮಾಜಿ ಸಚಿವರು ಮಗನ ಅವಲಂಬಿತರಲ್ಲ, ಮಗನೇ ಅವರನ್ನು ಅವಲಂಬಿಸಿ ಬೆಳೆದವರು. ಸ್ವಂತ ಆದಾಯವಿರುವ ಅಣ್ಣ, ಚಿಕ್ಕಪ್ಪ, ಬೀಗರು ಯಾರೂ ಈ ನಮೂನೆಯೊಳಗೆ ಬರುವುದಿಲ್ಲ. ಮನೆತನದ ಲಾಭ ಹರಿದುಬರುವುದು ಮೇಲಿನಿಂದ, ಬಲೆ ಹಾಕಿರುವುದು ಕೆಳಗೆ.

ಆದರೂ ಎರಡು ಜಾಗ ಕಣ್ಣಿಟ್ಟು ಓದಿ. ಸ್ಥಿರಾಸ್ತಿಯ ಪಟ್ಟಿಯಲ್ಲಿ ಪ್ರತಿ ಆಸ್ತಿಗೂ ‘ಪಿತ್ರಾರ್ಜಿತವೇ, ಹೌದು ಅಥವಾ ಇಲ್ಲ’ ಎಂಬ ಖಾನೆ ಇದೆ. ‘ಇಲ್ಲ’ ಎಂದಿದ್ದರೆ ಕೊಂಡ ದಿನಾಂಕ, ಕೊಟ್ಟ ಬೆಲೆ ಬರೆದಿರಬೇಕು. ಆ ದಿನಾಂಕದ ಎದುರು ಅಭ್ಯರ್ಥಿಯ ವಯಸ್ಸು ಬರೆದು ನೋಡಿ, ಅಪ್ಪ ಮಂತ್ರಿಯಾಗಿದ್ದ ವರ್ಷಗಳನ್ನೂ ಬರೆದು ನೋಡಿ. ಐದು ವರ್ಷದ ಆದಾಯ ತೆರಿಗೆ ವಿವರ ಅದೇ ಅಫಿಡವಿಟ್‌ನಲ್ಲಿರುತ್ತದೆ, ಹೋಲಿಸಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎಂಟು ಎಕರೆ ‘ಸ್ವಯಾರ್ಜಿತ’ ಎಂದು ಕಂಡರೆ ಅಪರಾಧ ಸಾಬೀತಾಯಿತು ಎಂದಲ್ಲ. ದಾನಪತ್ರವಿರಬಹುದು, ಸಾಲವಿರಬಹುದು. ಆದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ಎರಡನೆಯದು ಸರ್ಕಾರದೊಂದಿಗಿನ ಗುತ್ತಿಗೆಗಳ ಭಾಗ. 2018ರ ಫೆಬ್ರುವರಿಯಲ್ಲಿ ಲೋಕಪ್ರಹರಿ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಆದಾಯದ ಮೂಲವನ್ನೂ, ಅಭ್ಯರ್ಥಿ ಮತ್ತು ಮನೆಯವರಿಗೆ ಸಂಬಂಧವಿರುವ ಟ್ರಸ್ಟ್, ಪಾಲುದಾರಿಕೆ, ಖಾಸಗಿ ಕಂಪನಿಗಳ ಗುತ್ತಿಗೆಗಳನ್ನೂ ಹೇಳಬೇಕು. ಮಗನ ಕಂಪನಿಯ ಮಾತು ನಿಜವಾಗಿದ್ದರೆ ಇಲ್ಲಿ ಅದರ ಗುರುತು ಇರಲೇಬೇಕು.

ಇಲ್ಲದಿದ್ದರೆ? ಸಣ್ಣಪುಟ್ಟದ್ದಕ್ಕೆ ಕುಣಿದಾಡಬೇಡಿ. ಅರುಣಾಚಲದ ತೇಜು ಕ್ಷೇತ್ರದ ಆಗಿನ ಶಾಸಕ ಕಾರಿಖೋ ಕ್ರಿ ಅವರ ಹೆಂಡತಿ, ಮಗನ ಹೆಸರಿನಲ್ಲಿ ಉಳಿದಿದ್ದ ಸ್ಕೂಟರ್, ಬೈಕ್, ಓಮ್ನಿ ವ್ಯಾನ್ ಅಫಿಡವಿಟ್‌ನಲ್ಲಿಲ್ಲವೆಂದು ಹೈಕೋರ್ಟ್ ಆಯ್ಕೆ ರದ್ದು ಮಾಡಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ವಾಹನಗಳು ಮೊದಲೇ ಕೈಬದಲಾಗಿದ್ದವು, ಬಟ್ಟೆಬರೆ, ಪಾತ್ರೆಪಗಡಿ ಸಮೇತ ಎಲ್ಲ ಹೇಳಬೇಕಿಲ್ಲ, ಬೆಲೆಬಾಳುವಂಥದ್ದು, ಜೀವನಶೈಲಿ ತೋರಿಸುವಂಥದ್ದು ಹೇಳಿದರೆ ಸಾಕು ಎಂದಿತು. ಆದರೆ ಮಹಾರಾಷ್ಟ್ರದ ಕಿಸನ್ ಶಂಕರ್ ಕಾಥೋರೆ ಪ್ರಕರಣದಲ್ಲಿ ಹೆಂಡತಿಯ ಹೆಸರಿನ ಬಂಗಲೆ, ಪಾಲುದಾರಿಕೆ ಸಂಸ್ಥೆಯನ್ನು ಮುಚ್ಚಿಟ್ಟದ್ದಕ್ಕೆ 2014ರಲ್ಲಿ ಆಯ್ಕೆ ರದ್ದಾದದ್ದು ಊರ್ಜಿತವಾಯಿತು. ಸ್ಕೂಟರ್ ಒಂದು, ಬಂಗಲೆ ಇನ್ನೊಂದು.

ಟ್ರಸ್ಟ್‌ನ ಜಮೀನಿಗೆ ಅಫಿಡವಿಟ್ ಸಾಲದು. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಪಹಣಿ, ಮ್ಯುಟೇಷನ್ ತೆಗೆಯಿರಿ, ಮಂಜೂರಾತಿ ಆದೇಶದ ಸಂಖ್ಯೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆ ಆದೇಶ, ಕಡತದಲ್ಲಿ ಅಧಿಕಾರಿಗಳು ಬರೆದ ಟಿಪ್ಪಣಿ ಹಾಳೆ, ವಿಧಿಸಿದ ಬೆಲೆ ಇಷ್ಟನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಆರ್‌ಟಿಐನಲ್ಲಿ ಕೇಳಿ. ‘ಕುಟುಂಬದ ಅಕ್ರಮಗಳ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ಕಸದ ಬುಟ್ಟಿಗೆ. ಕಾಮಗಾರಿಯ ವಿಷಯದಲ್ಲಿ ಕೇಳಬೇಕಾದ್ದು ‘4ಜಿ’. ಮೊಬೈಲ್ ಅಲ್ಲ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಸೆಕ್ಷನ್ 4(ಜಿ), ಟೆಂಡರ್‌ನಿಂದ ವಿನಾಯಿತಿ ಕೊಡುವುದು. ಈ ಸೆಕ್ಷನ್ನಿನಲ್ಲಿ ಟೆಂಡರ್ ಇಲ್ಲದೆ ಕೆಲಸ ಹೋಗಿದ್ದರೆ ಆ ವಿನಾಯಿತಿಗೆ ಆದೇಶ ಇರುತ್ತದೆ, ಅದಕ್ಕೆ ಸಹಿಯೂ ಇರುತ್ತದೆ.

ಅಫಿಡವಿಟ್‌ಗೆ ವಿರುದ್ಧವಾದ ದಾಖಲೆ ಸಿಕ್ಕರೆ ನೀವೇ ಪ್ರಮಾಣ ಮಾಡಿದ ಪ್ರತಿ-ಅಫಿಡವಿಟ್ ಅನ್ನು ಚುನಾವಣಾಧಿಕಾರಿಗೆ ಕೊಡಬಹುದು, ಅದನ್ನೂ ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಸುಳ್ಳು ಅಫಿಡವಿಟ್‌ಗೆ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 125ಎ ಇದೆ, ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಫೇಸ್‌ಬುಕ್‌ನಲ್ಲಿ ಬರೆಯುವ ಮುಂಚೆ ಮಾತ್ರ ಯೋಚಿಸಿ: ಚುನಾವಣೆಯ ಮೇಲೆ ಪರಿಣಾಮ ಬೀರಲೆಂದು ಸುಳ್ಳು ಹೇಳುವುದು ಭಾರತೀಯ ನ್ಯಾಯ ಸಂಹಿತೆಯ 175ನೇ ಸೆಕ್ಷನ್ನಿನಲ್ಲಿ ಅಪರಾಧ, ಮಾನನಷ್ಟಕ್ಕೆ 356. ಇವು ಅಭ್ಯರ್ಥಿಗಳಿಗಷ್ಟೇ ಅಲ್ಲ, ನಿಮಗೂ ಅನ್ವಯಿಸುತ್ತವೆ. ದಾಖಲೆಯ ಫೋಟೊ ಹಾಕಿ ‘ಇದಕ್ಕೆ ವಿವರಣೆ ಏನು’ ಎಂದು ಕೇಳುವುದಕ್ಕೂ ‘ಕಳ್ಳ’ ಎನ್ನುವುದಕ್ಕೂ ಕೋರ್ಟಿನಲ್ಲಿ ಬಹಳ ಅಂತರ.

ಅವರು ಗೆದ್ದ ಮೇಲೆ ತಕರಾರು ಅರ್ಜಿ ಹಾಕಲು ನಿಮಗಿರುವುದು ಫಲಿತಾಂಶದಿಂದ 45 ದಿನ. ಕೆಲವು ವರ್ಷಗಳ ಹಿಂದೆ ಒಬ್ಬರು ಪ್ಲಾಸ್ಟಿಕ್ ಕವರ್ ತುಂಬ ಕಾಗದ ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಪಹಣಿ, ಕ್ರಯಪತ್ರ, ಬ್ಯಾಂಕ್ ನೋಟಿಸ್, ಎಲ್ಲಕ್ಕೂ ಅಚ್ಚುಕಟ್ಟಾಗಿ ಪುಟಸಂಖ್ಯೆ. ‘ಪಕ್ಷದವರು ಹಾಕ್ತೀವಿ ಅಂದಿದ್ರು ಸಾರ್, ಕಾಯ್ತಾ ಇದ್ದೆ’ ಎಂದರು. ನಲವತ್ತೇಳನೆಯ ದಿನ ಅದು. ಈ ಗಡುವನ್ನು ಹೈಕೋರ್ಟ್ ಕೂಡ ಒಂದು ದಿನ ವಿಸ್ತರಿಸಲಾರದು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಪ್ರಶ್ನೆ: ನಮ್ಮ ತಂದೆ ತಾಲ್ಲೂಕು ಪಂಚಾಯಿತಿ ಸದಸ್ಯರಾಗಿದ್ದರು. ಈಗ ನಾನು ವಿಧಾನಸಭೆಗೆ ಪಕ್ಷೇತರಳಾಗಿ ನಿಲ್ಲುವ ಯೋಚನೆಯಲ್ಲಿದ್ದೇನೆ. ‘ಅಪ್ಪನ ಹೆಸರಲ್ಲಿ ಬಂದವಳು’ ಎನ್ನುತ್ತಾರೆಂಬ ಅಳುಕು. ಇದಕ್ಕೆ ಹೇಗೆ ಉತ್ತರಿಸಲಿ?

ಉತ್ತರ: ಮಗಳಾಗಿ ಹುಟ್ಟಿದ್ದು ಆರೋಪವಲ್ಲ. ಅಪ್ಪನ ಹೆಸರು ನಿಮಗೆ ನಾಲ್ಕು ಮನೆಯ ಬಾಗಿಲು ತೆರೆಸಿದರೆ ಅದು ಲಾಭವೇ, ಅಲ್ಲವೆನ್ನಬೇಡಿ. ಅಪ್ಪನ ಸಹಿ ನಿಮಗೆ ನಿವೇಶನ ಕೊಡಿಸಿದ್ದರೆ ಮಾತು ಬೇರೆ. ಯಾರೂ ಕೇಳುವ ಮೊದಲೇ ನೀವೇ ಹೇಳಿಬಿಡಿ. ಅಫಿಡವಿಟ್ ತುಂಬುವಾಗ ಅಪ್ಪನಿಂದ ಬಂದ ಹೊಲದ ಎದುರು ಪಿತ್ರಾರ್ಜಿತ ‘ಹೌದು’ ಎಂದೇ ಬರೆಯಿರಿ. ಇನ್ನು, ನಿಮಗೆ ಅನ್ವಯಿಸದ ಖಾನೆಗಳಲ್ಲಿ ಗೆರೆ ಎಳೆದು ಬಿಡಬೇಡಿ, ‘ಇಲ್ಲ’ ಅಥವಾ ‘ಅನ್ವಯಿಸುವುದಿಲ್ಲ’ ಎಂದು ಪ್ರತಿಯೊಂದರಲ್ಲೂ ಬರೆಯಬೇಕು. ಖಾಲಿ ಬಿಟ್ಟು, ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಾಮಪತ್ರವೇ ತಿರಸ್ಕೃತವಾಗಬಹುದು.