ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ ಪಂದ್ಯಗಳಲ್ಲಿ ಪೋಷಕರು ಹೇಗೆ ನಡೆದುಕೊಳ್ಳಬೇಕು?

ನಿಮ್ಮ ಮಗ ಅಮೆರಿಕದ ಹೈಸ್ಕೂಲಿನ ಫುಟ್‌ಬಾಲ್ (ನಮ್ಮ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ) ತಂಡವನ್ನು ಸೇರಿದ್ದಾನೆ ಎಂದೂ, ನೀವು ದಂಪತಿಗಳು ಈ ಆಟವನ್ನು ಇದುವರೆಗೆ ನೋಡಿದವರಲ್ಲ ಎಂದೂ ಬರೆದಿದ್ದೀರಿ. ಗ್ಯಾಲರಿಯಲ್ಲಿ ಕುಳಿತಾಗ ಹೇಗೆ ನಡೆದುಕೊಳ್ಳಬೇಕು, ಎದುರಾಳಿಯನ್ನು ಕೆಡವುವುದೇ ಆಟವಾಗಿರುವಲ್ಲಿ ನ್ಯಾಯವಾಗಿ ಆಡುವುದು ಎಂದರೇನು ಎಂದು ಕೇಳಿದ್ದೀರಿ. ನನ್ನ ಮಗ ಇಲ್ಲಿಯೇ ಹೈಸ್ಕೂಲ್ ಮುಗಿಸುವವರೆಗೂ ಈ ಆಟವನ್ನು ಆಡಿದವನು. ಅವನು ಕಾಲೇಜಿಗೆ ಹೋದ ಮೇಲೂ ನಾನು ಆ ಶಾಲೆಯ ಪಂದ್ಯಗಳಿಗೆ ಸ್ವಯಂಸೇವಕನಾಗಿ ಹೋಗುತ್ತಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮೈದಾನದೊಳಗೆ ಯಾವುದನ್ನು ತಪ್ಪು ಎನ್ನುತ್ತಾರೆ ಎಂಬುದು ತಿಳಿಯದೆ ಗ್ಯಾಲರಿಯಲ್ಲಿ ಸರಿಯಾಗಿ ನಡೆದುಕೊಳ್ಳುವುದು ಕಷ್ಟ.

ಬಹುತೇಕ ರಾಜ್ಯಗಳಲ್ಲಿ ಹೈಸ್ಕೂಲ್ ಫುಟ್‌ಬಾಲ್ ನಡೆಯುವುದು ಎನ್‌ಎಫ್‌ಎಚ್‌ಎಸ್ ಎಂಬ ರಾಷ್ಟ್ರೀಯ ಒಕ್ಕೂಟದ ನಿಯಮಗಳಂತೆ. 1920ರಲ್ಲಿ ಆರಂಭವಾದ ಈ ಒಕ್ಕೂಟದ ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿದೆ. ಟೆಕ್ಸಾಸ್ ಕಾಲೇಜು ಆಟದ ನಿಯಮಗಳನ್ನು ಕೆಲವು ಬದಲಾವಣೆಗಳೊಂದಿಗೆ ಬಳಸುತ್ತದೆ. ಚೆಂಡು ಹಿಡಿದು ಓಡುವವನನ್ನು ಭುಜ ಮತ್ತು ತೋಳುಗಳಿಂದ ತಡೆದು ನೆಲಕ್ಕೆ ಕೆಡವುವುದು ಆಟದ ಭಾಗ; ಜೋರಾಗಿ ಕೆಡವಿದ ಮಾತ್ರಕ್ಕೆ ಅದು ತಪ್ಪಲ್ಲ. ಆದರೆ ಹೆಲ್ಮೆಟ್ಟನ್ನೇ ಮುಂದೆ ಮಾಡಿ ತಲೆಯಿಂದ ಗುದ್ದುವುದನ್ನು 1976ರಲ್ಲಿಯೇ ನಿಷೇಧಿಸಲಾಗಿದೆ. ಎದುರಾಳಿಯ ಕತ್ತು ಮತ್ತು ತಲೆಯನ್ನೇ ಗುರಿಯಾಗಿಸಿಕೊಂಡು ಬಡಿಯುವುದನ್ನು 2014ರಲ್ಲಿ ಪ್ರತ್ಯೇಕ ತಪ್ಪೆಂದು ಹೈಸ್ಕೂಲ್ ನಿಯಮಗಳಲ್ಲಿ ಸೇರಿಸಿದರು. ಹೆಲ್ಮೆಟ್ಟಿನಲ್ಲಿ ಮುಖದ ಮುಂದಿನ ಕಂಬಿಗೆ ಕೈ ತಾಗಿ ಅಕಸ್ಮಾತ್ತಾಗಿ ಹಿಡಿದರೆ 5 ಯಾರ್ಡ್ (ಒಂದು ಯಾರ್ಡ್ ಎಂದರೆ ಮೂರು ಅಡಿ), ಹಿಡಿದು ಎಳೆದರೆ ಅಥವಾ ತಿರುಚಿದರೆ 15 ಯಾರ್ಡ್ ದಂಡ, ಎಂದರೆ ತಪ್ಪು ಮಾಡಿದ ತಂಡಕ್ಕೆ ನಷ್ಟವಾಗುವಂತೆ ಚೆಂಡನ್ನು ಅಷ್ಟು ದೂರ ಸರಿಸುತ್ತಾರೆ. ಈ ವ್ಯತ್ಯಾಸವನ್ನು ಗಮನಿಸಿ: ದೇಹದ ಬಲವನ್ನು ನಿಯಮ ಒಪ್ಪುತ್ತದೆ, ಎದುರಿಗಿರುವವನಿಗೆ ತನ್ನನ್ನು ಕಾಪಾಡಿಕೊಳ್ಳಲು ಅವಕಾಶವೇ ಇಲ್ಲದಂತೆ ಮಾಡುವುದನ್ನು ಒಪ್ಪುವುದಿಲ್ಲ.

ಏಟಿಗೆ ಸಂಬಂಧಿಸಿರದ ತಪ್ಪುಗಳೂ ಇವೆ, ಮತ್ತು ನನ್ನ ಮಟ್ಟಿಗೆ ಈ ಆಟದ ನೀತಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ಅಲ್ಲಿಯೇ. ಟಚ್‌ಡೌನ್ ಮಾಡಿದವನು, ಎಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದವನು, ಎದುರಾಳಿಯ ಮುಖದ ಮುಂದೆ ಚೆಂಡು ಆಡಿಸಿ ಕೆಣಕಿದರೆ, ಬಿದ್ದವನ ಮೇಲೆ ನಿಂತು ಅಣಕಿಸಿದರೆ, ರೆಫರಿಗೆ ಎದುರುತ್ತರ ಕೊಟ್ಟರೆ ಹಳದಿ ಫ್ಲ್ಯಾಗ್ (ತಪ್ಪಾಗಿದೆ ಎಂದು ತೋರಿಸಲು ರೆಫರಿ ಎಸೆಯುವ ಬಟ್ಟೆ) ಬೀಳುತ್ತದೆ, ತಂಡ 15 ಯಾರ್ಡ್ ಹಿಂದೆ ಹೋಗುತ್ತದೆ. ಒಂದೇ ಪಂದ್ಯದಲ್ಲಿ ಒಬ್ಬನೇ ಇಂಥ ಅಸಭ್ಯ ವರ್ತನೆಯ ತಪ್ಪನ್ನು ಎರಡು ಸಲ ಮಾಡಿದರೆ ಅವನನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ, ಅನೇಕ ರಾಜ್ಯಗಳಲ್ಲಿ ಮುಂದಿನ ಪಂದ್ಯಕ್ಕೂ ಅವನು ಇರುವುದಿಲ್ಲ. ಈ ನಿಯಮ ಕೋಚ್‌ಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂತರ್ಜಾಲದಲ್ಲಿ ಬಹಳ ಜನ ಮೆಚ್ಚಿ ಹಂಚಿಕೊಳ್ಳುವ ಒಂದು ಉಪಾಯವಿದೆ. ಚೆಂಡು ಕೈಗೆ ಬರುವ ಹೊತ್ತಿಗೆ ಬದಿಯಲ್ಲಿ ನಿಂತ ಕೋಚ್ ‘ಅದು ಬೇರೆ ಚೆಂಡು, ಬದಲಾಯಿಸಿ’ ಎಂದು ಕೂಗುತ್ತಾನೆ. ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಮೊದಲು ಪಡೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಆಟ ನಿಂತೇ ಹೋಗಿದೆ ಎಂಬಂತೆ ಬದಿಯ ಗೆರೆಯ ಕಡೆಗೆ ನಿಧಾನವಾಗಿ ನಡೆಯುತ್ತಾನೆ. ಎದುರು ತಂಡದ ಹುಡುಗರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಓಟ ಕಿತ್ತು ಟಚ್‌ಡೌನ್ ಮಾಡುತ್ತಾನೆ. ನೋಡಲು ಚತುರವಾಗಿ ಕಾಣುತ್ತದೆ, ಆದರೆ ಎನ್‌ಎಫ್‌ಎಚ್‌ಎಸ್ ವ್ಯಾಖ್ಯಾನದಂತೆ ಇದು ನಿಯಮಬಾಹಿರ. ಚೆಂಡು ಇವನ ಬಳಿಯಿದೆ ಎಂದು ನಂಬಿಸಿ ಅವನಿಗೆ ಕೊಡುವುದು, ಎಸೆಯುವಂತೆ ತೋರಿಸಿ ಓಡುವುದು, ಇವೆಲ್ಲ ಆಟದೊಳಗಿನ ಜಾಣತನ, ಅದಕ್ಕೆ ಎಲ್ಲರೂ ಸಿದ್ಧರಾಗಿಯೇ ನಿಂತಿರುತ್ತಾರೆ. ಆಟವೇ ನಡೆಯುತ್ತಿಲ್ಲ ಎಂದು ಎದುರಾಳಿಯನ್ನು ನಂಬಿಸುವುದು ಬೇರೆ ಜಾತಿಯದು. ಹದಿನೈದು ಹದಿನಾರರ ಹುಡುಗ ದೊಡ್ಡವರ ಮಾತನ್ನು ನಂಬಿ ನಿಂತದ್ದನ್ನೇ ಅದು ಅವನ ದೌರ್ಬಲ್ಯವನ್ನಾಗಿ ಬಳಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಮಗನ ತಂಡವೇ ಇಂಥದ್ದನ್ನು ಮಾಡಿ ಗೆದ್ದರೂ ದಯವಿಟ್ಟು ಚಪ್ಪಾಳೆ ತಟ್ಟಬೇಡಿ.

ಅಂಕಗಳ ಅಂತರ ತೀರಾ ಹೆಚ್ಚಾದಾಗ ಏನು ಮಾಡಬೇಕು ಎಂಬುದು ಪುಸ್ತಕದ ನಿಯಮಕ್ಕಿಂತ ಕೋಚ್‌ನ ವಿವೇಕಕ್ಕೆ ಬಿಟ್ಟದ್ದು. ಹೈಸ್ಕೂಲ್ ಪಂದ್ಯದಲ್ಲಿ 12 ನಿಮಿಷಗಳ 4 ಭಾಗಗಳಿರುತ್ತವೆ, ಸಾಮಾನ್ಯವಾಗಿ ಗಡಿಯಾರ ಆಗಾಗ ನಿಲ್ಲುತ್ತದೆ. ದ್ವಿತೀಯಾರ್ಧದಲ್ಲಿ ಒಂದು ತಂಡ ಬಹಳ ಮುಂದಿದ್ದರೆ ಗಡಿಯಾರವನ್ನು ನಿಲ್ಲಿಸದೆ ಓಡಿಸುವ ಪದ್ಧತಿ ಅನೇಕ ರಾಜ್ಯಗಳಲ್ಲಿದೆ. ಎಷ್ಟು ಅಂಕಗಳ ಅಂತರಕ್ಕೆ ಎಂಬುದನ್ನು ಆಯಾ ರಾಜ್ಯದ ಸಂಘ ನಿರ್ಧರಿಸುತ್ತದೆ. ಅಂಥ ಹೊತ್ತಿನಲ್ಲಿ ಒಳ್ಳೆಯ ಕೋಚ್ ಮುಖ್ಯ ಆಟಗಾರರನ್ನು ಕೂರಿಸಿ, ವಾರವಿಡೀ ಅಭ್ಯಾಸ ಮಾಡಿಯೂ ಅವಕಾಶ ಸಿಗದ ಹುಡುಗರನ್ನು ಇಳಿಸುತ್ತಾನೆ, ದೂರದ ಎಸೆತಗಳನ್ನು ಬಿಟ್ಟು ನೇರ ಓಟದ ಆಟವನ್ನೇ ಆಡಿಸುತ್ತಾನೆ. ಆ ಹುಡುಗರಿಗೆ ‘ಮೆಲ್ಲಗೆ ಆಡಿ, ಅಂಕ ಗಳಿಸಬೇಡಿ’ ಎಂದು ಹೇಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಅವರಿಗೂ ಅವಮಾನ, ಎದುರಾಳಿಗೂ ಅವಮಾನ. ಸಾಮಾನ್ಯವಾಗಿ ಅವಕಾಶ ಸಿಗದ ಹುಡುಗ ತನ್ನ ಶಕ್ತಿಯೆಲ್ಲ ಹಾಕಿ ಓಡಿ ಅಂಕ ಗಳಿಸಿದರೆ ಅದು ದರ್ಪವಲ್ಲ. ಈಗಾಗಲೇ ಗೆದ್ದಿರುವ ಪಂದ್ಯದಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಕೊನೆಯ ನಿಮಿಷದವರೆಗೂ ಉದ್ದದ ಪಾಸ್ ಎಸೆಯುತ್ತಲೇ ಇದ್ದರೆ ಅದು ದರ್ಪ. ಗೆಲ್ಲುವ ತಂಡ ಕೊನೆಯ ಕ್ಷಣಗಳಲ್ಲಿ ಚೆಂಡು ಪಡೆದು, ಉಳಿದ ಸಮಯ ಕಳೆಯಲೆಂದು ಓಡದೆ ಮೊಣಕಾಲೂರಿದಾಗ ಎದುರಾಳಿಗಳು ಮೇಲೆ ಬೀಳದೆ ನಿಂತಲ್ಲೇ ನಿಲ್ಲುವುದೂ ಇಂಥದ್ದೇ ಒಂದು ಮರ್ಯಾದೆ.

ಇನ್ನು ಗ್ಯಾಲರಿಯ ವಿಚಾರಕ್ಕೆ ಬರುತ್ತೇನೆ. ಆತಿಥೇಯ ಶಾಲೆಯವರಿಗೆ ಒಂದು ಬದಿ, ಅತಿಥಿ ಶಾಲೆಯವರಿಗೆ ಇನ್ನೊಂದು ಬದಿ ಇರುತ್ತದೆ, ನಿಮ್ಮ ಶಾಲೆಯ ಬದಿಯಲ್ಲಿಯೇ ಕುಳಿತುಕೊಳ್ಳಿ. ರಾಷ್ಟ್ರಗೀತೆ ನುಡಿಸುವಾಗ ಎದ್ದು ಮೌನವಾಗಿ ನಿಂತರೆ ಸಾಕು. ಆಟ ಓಡುತ್ತಿರುವಾಗ ಬೇರೆಯವರ ಮುಂದೆ ಹಾದುಹೋಗದೆ, ಒಂದು ಸರದಿ (ಚೆಂಡು ಆಟಕ್ಕೆ ಬಂದಲ್ಲಿಂದ ಆಟ ನಿಲ್ಲುವವರೆಗಿನ ತುಣುಕು) ಮುಗಿಯುವವರೆಗೆ ಮೆಟ್ಟಿಲ ಬಳಿಯೇ ಕಾಯಿರಿ. ವಿರಾಮದಲ್ಲಿ ಎರಡೂ ಶಾಲೆಗಳ ಬ್ಯಾಂಡ್‌ಗಳು ಮೈದಾನಕ್ಕೆ ಬರಬಹುದು. ಆ ಮಕ್ಕಳೂ ಬೇಸಿಗೆಯಿಂದಲೇ ಅಭ್ಯಾಸ ಮಾಡಿರುತ್ತಾರೆ, ಆದ್ದರಿಂದ ಎದುರು ಶಾಲೆಯ ಬ್ಯಾಂಡ್ ನುಡಿಸುವಾಗಲೂ ಕುಳಿತು ಕೇಳಿ, ಕೊನೆಯಲ್ಲಿ ಚಪ್ಪಾಳೆ ತಟ್ಟಿ. ಗದ್ದಲಕ್ಕೂ ಒಂದು ಕ್ರಮವಿದೆ. ಎದುರಾಳಿಗಳ ಕೈಯಲ್ಲಿ ಚೆಂಡಿರುವಾಗ ಜೋರಾಗಿ ಕೂಗುವುದು ತಪ್ಪಲ್ಲ, ಆದರೆ ನಮ್ಮ ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ಸಂಕೇತ ಕೂಗುವಾಗ ನಾವು ಸುಮ್ಮನಿರಬೇಕು. ಹೊಸಬರು ಉತ್ಸಾಹದಲ್ಲಿ ಇದನ್ನು ತಿರುವುಮುರುವು ಮಾಡುವುದುಂಟು.

ಎದುರು ತಂಡದ ಹುಡುಗನನ್ನು ಹೆಸರಿನಿಂದಾಗಲಿ, ಅಂಗಿಯ ಸಂಖ್ಯೆಯಿಂದಾಗಲಿ ಕೂಗಿ ಹೀಯಾಳಿಸಬೇಡಿ ಎಂಬುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ನಾನು ಸ್ವಯಂಸೇವಕನಾಗಿ ಮಾಡುವ ಕೆಲಸ ಚೈನ್ ಕ್ರೂನಲ್ಲಿ. ಎಂದರೆ ತಂಡ ಎಷ್ಟು ಮುಂದುವರಿದಿದೆ ಎಂದು ಅಳೆಯಲು, ಬದಿಯ ಗೆರೆಯ ಹೊರಗೆ 10 ಯಾರ್ಡ್ ಉದ್ದದ ಸರಪಳಿಯ ಕೋಲು ಹಿಡಿದು ನಿಲ್ಲುವುದು. ಈ ಕೆಲಸದಲ್ಲಿರುವವರು ರೆಫರಿಗಳ ಸಹಾಯಕರೇ ಆದ್ದರಿಂದ ತಮ್ಮ ಶಾಲೆ ಅಂಕ ಗಳಿಸಿದರೂ ಹರ್ಷೋದ್ಗಾರ ಮಾಡುವಂತಿಲ್ಲ. ನಮ್ಮ ಮೈದಾನದಲ್ಲಿ ನಾವು ನಿಲ್ಲುವುದು ಅತಿಥಿ ತಂಡದ ಬದಿಯಲ್ಲಿ, ಅವರ ಹುಡುಗರಿಂದ ಕೆಲವೇ ಹೆಜ್ಜೆ ದೂರದಲ್ಲಿ. ಅಲ್ಲಿ ನಿಂತವರಿಗೆ ಗ್ಯಾಲರಿಯ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಮೇಲೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಪಾಸ್ ಕೈಜಾರಿದ ಹುಡುಗ ಹೆಲ್ಮೆಟ್ ತೆಗೆಯದೆ ಬೆಂಚಿನ ತುದಿಯಲ್ಲಿ ಕುಳಿತಿರುತ್ತಾನೆ, ಮೇಲಿನಿಂದ ಯಾರೋ ದೊಡ್ಡವರೊಬ್ಬರು ಅವನ ಸಂಖ್ಯೆ ಕೂಗಿ ನಗುತ್ತಾರೆ, ಅವನು ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಬಗ್ಗಿಸುತ್ತಾನೆ. ಇದನ್ನು ಹತ್ತಿರದಿಂದ ನೋಡಿದ ಯಾವ ತಂದೆತಾಯಿಯೂ ಇನ್ನೊಮ್ಮೆ ಹಾಗೆ ಕೂಗಲಾರರು. ಮೈದಾನದಲ್ಲಿ ಹುಡುಗ ಅಣಕಿಸಿದರೆ ಫ್ಲ್ಯಾಗ್ ಬೀಳುತ್ತದೆ, ಗ್ಯಾಲರಿಯಲ್ಲಿ ದೊಡ್ಡವರು ಅದನ್ನೇ ಮಾಡಿದರೆ ಬಹುಪಾಲು ಏನೂ ಆಗುವುದಿಲ್ಲ. ಮಕ್ಕಳಿಗೆ ಹಾಕಿದ ನಿಯಮವನ್ನು ದೊಡ್ಡವರು ತಾವಾಗಿಯೇ ಪಾಲಿಸಬೇಕಾದದ್ದು ಈ ಕಾರಣಕ್ಕೆ. ಪಂದ್ಯದ ವಿಡಿಯೊ ತುಣುಕುಗಳನ್ನು ಹಂಚಿಕೊಳ್ಳುವಾಗಲೂ ಇದೇ ಎಚ್ಚರವಿರಲಿ. ಬೇರೆಯವರ ಮಗ ಎಡವಿದ್ದನ್ನು ಲೋಕಕ್ಕೆಲ್ಲ ತೋರಿಸುವ ಹಕ್ಕು ನಮಗಿಲ್ಲ.

ರೆಫರಿಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಹೈಸ್ಕೂಲ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ಐದು ಮಂದಿ ಅಧಿಕಾರಿಗಳಿರುತ್ತಾರೆ, ಅವರಲ್ಲಿ ಬಿಳಿ ಟೋಪಿಯವರು ಮುಖ್ಯ ರೆಫರಿ. ಹೆಚ್ಚಿನವರು ಹಗಲಿಡೀ ಬೇರೆ ಉದ್ಯೋಗ ಮಾಡಿ, ಸಣ್ಣ ಸಂಭಾವನೆಗೆ ಸಂಜೆ ಇಲ್ಲಿಗೆ ಬರುವವರು. ಇಪ್ಪತ್ತೆರಡು ಹುಡುಗರು ಒಮ್ಮೆಲೇ ಚಲಿಸುವ ಆಟದಲ್ಲಿ ಐದು ಜೊತೆ ಕಣ್ಣುಗಳಿಗೆ ಎಲ್ಲವೂ ಕಾಣುವುದಿಲ್ಲ, ತಪ್ಪು ತೀರ್ಪುಗಳೂ ಬರುತ್ತವೆ. 2018-19ರ ನಂತರದ ಕೆಲವೇ ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಹೈಸ್ಕೂಲ್ ಅಧಿಕಾರಿಗಳು ಈ ಕೆಲಸ ಬಿಟ್ಟರು ಎಂದು ಎನ್‌ಎಫ್‌ಎಚ್‌ಎಸ್ ಹೇಳಿದೆ. ಕೋಚ್‌ಗಳ ಮತ್ತು ಪ್ರೇಕ್ಷಕರ ಬೈಗುಳ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಅಧಿಕಾರಿಗಳು ಸಾಲದೆ ಶುಕ್ರವಾರದ ಪಂದ್ಯಗಳನ್ನು ಗುರುವಾರಕ್ಕೋ ಶನಿವಾರಕ್ಕೋ ಸರಿಸಿದ್ದೂ ಉಂಟು. 2015ರಲ್ಲಿ ಟೆಕ್ಸಾಸ್‌ನ ಒಂದು ಪಂದ್ಯದಲ್ಲಿ ಇಬ್ಬರು ಆಟಗಾರರು ಅಧಿಕಾರಿಯೊಬ್ಬರ ಮೇಲೆ ಬೇಕೆಂದೇ ಎರಗಿದರು. ಒಬ್ಬನು ಹಿಂದಿನಿಂದ ಬಂದು ಅವರನ್ನು ಕೆಡವಿದ, ಇನ್ನೊಬ್ಬನು ಬಿದ್ದವರ ಮೇಲೆ ಹೆಲ್ಮೆಟ್ಟಿನಿಂದ ಗುದ್ದಿದ. ದೇಶವೇ ಆ ವಿಡಿಯೊ ನೋಡಿತು. ಪ್ರತಿ ತೀರ್ಪಿಗೂ ‘ಕುರುಡ’, ‘ಕಳ್ಳ’ ಎಂದು ದೊಡ್ಡವರು ಕೂಗುವುದನ್ನು ಕೇಳುತ್ತಲೇ ಬೆಳೆದ ಮಕ್ಕಳು ಪಟ್ಟೆ ಅಂಗಿ ತೊಟ್ಟ ಈ ಅಧಿಕಾರಿಗಳನ್ನು ಶತ್ರುಗಳಂತೆ ಕಂಡರೆ ನಾವು ಆಶ್ಚರ್ಯಪಡುವಂತಿಲ್ಲ. ನಿಮ್ಮ ಅಕ್ಕಪಕ್ಕದ ಪೋಷಕರು ಮಿತಿಮೀರಿದರೆ ನೀವೇ ಜಗಳಕ್ಕೆ ಹೋಗಬೇಡಿ, ಪಂದ್ಯದ ಉಸ್ತುವಾರಿಗೆ ನಿಂತಿರುವ ಶಾಲೆಯ ಆಡಳಿತಗಾರರಿಗೆ ಸದ್ದಿಲ್ಲದೆ ತಿಳಿಸಿ. ಅಂಥವರನ್ನು ಹೊರಗೆ ಕಳುಹಿಸುವ ಅಧಿಕಾರ ಅವರಿಗಿದೆ.

ಯಾರಾದರೂ ಗಾಯಗೊಂಡು ಮೈದಾನದಲ್ಲಿ ಬಿದ್ದರೆ ಎರಡೂ ತಂಡದ ಹುಡುಗರು ಮೊಣಕಾಲೂರಿ ಕೂರುತ್ತಾರೆ, ಗ್ಯಾಲರಿ ಸುಮ್ಮನಾಗುತ್ತದೆ, ಅವನು ಎದ್ದಾಗ ಎರಡೂ ಕಡೆಯವರು ಚಪ್ಪಾಳೆ ತಟ್ಟುತ್ತಾರೆ. ಬಿದ್ದವನು ನಿಮ್ಮ ಮಗನೇ ಆಗಿದ್ದರೂ ಕರೆಯುವವರೆಗೆ ಮೈದಾನಕ್ಕೆ ಓಡಬೇಡಿ; ಅದು ಎಷ್ಟು ಕಷ್ಟವೆಂದು ನನಗೆ ಗೊತ್ತು, ಆದರೂ ಮೊದಲ ನಿಮಿಷಗಳಲ್ಲಿ ಅವನ ಬಳಿ ಇರಬೇಕಾದವರು ತರಬೇತಿ ಪಡೆದವರು. ಆಟ ನಿಲ್ಲಿಸಿ ಉಪಚರಿಸಿದ ಹುಡುಗ ಕನಿಷ್ಠ ಒಂದು ಸರದಿಯಾದರೂ ಹೊರಗಿರಬೇಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಲಕ್ಷಣ ಕಂಡರೆ, ಆರೋಗ್ಯ ತಜ್ಞರು ಒಪ್ಪುವವರೆಗೆ ಅವನು ಮರಳುವಂತಿಲ್ಲ. 2009ರಲ್ಲಿ ವಾಷಿಂಗ್ಟನ್ ರಾಜ್ಯ ಈ ಬಗ್ಗೆ ಮೊದಲ ಕಾನೂನು ಮಾಡಿತು, 2014ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತು. ತಲೆನೋವನ್ನು ಮುಚ್ಚಿಟ್ಟು ಆಡು ಎಂದು ಮಗನಿಗೆ ಹೇಳುವುದು, ಅಥವಾ ‘ಅವನಿಗೇನೂ ಆಗಿಲ್ಲ, ಒಳಗೆ ಕಳಿಸಿ’ ಎಂದು ಕೋಚ್‌ನನ್ನು ಒತ್ತಾಯಿಸುವುದು ಪೋಷಕರು ಮಾಡಬಹುದಾದ ಅತಿ ದೊಡ್ಡ ಅನ್ಯಾಯ. ಎದುರಾಳಿಗಳ ವೇಗ ಮುರಿಯಲು ಇಲ್ಲದ ಗಾಯವನ್ನು ನಟಿಸುವುದೂ ಅನ್ಯಾಯವೇ, ಏಕೆಂದರೆ ಆಮೇಲೆ ನಿಜವಾಗಿ ಬಿದ್ದವನನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಸಾಲಾಗಿ ಬಂದು ಕೈಕುಲುಕುತ್ತವೆ, ಆಮೇಲೆ ಕೋಚ್ ತನ್ನ ಹುಡುಗರೊಂದಿಗೆ ಮಾತನಾಡುತ್ತಾನೆ. ಅದು ಮುಗಿಯುವವರೆಗೆ ಬೇಲಿಯ ಹೊರಗೇ ಕಾಯಿರಿ. ಮಗನನ್ನು ಹೆಚ್ಚು ಹೊತ್ತು ಆಡಿಸಲಿಲ್ಲ ಎಂಬ ಬೇಸರವಿದ್ದರೆ ಆ ರಾತ್ರಿಯೇ ಕೋಚ್ ಬಳಿ ಹೋಗಬೇಡಿ. ಪಂದ್ಯ ಮುಗಿದು 24 ಗಂಟೆ ಕಳೆಯುವವರೆಗೆ ಇಂಥ ಮಾತು ಎತ್ತಬಾರದು ಎಂಬ ನಿಯಮವನ್ನು ಅನೇಕ ತಂಡಗಳು ಋತುವಿನ ಆರಂಭದಲ್ಲಿಯೇ ಪೋಷಕರಿಗೆ ತಿಳಿಸುತ್ತವೆ, ನಿಮ್ಮಲ್ಲಿ ಹಾಗೆ ತಿಳಿಸದಿದ್ದರೂ ಪಾಲಿಸಿ. ಮೊದಲು ಮಗನೇ ಕೋಚ್ ಜೊತೆ ಮಾತನಾಡಲಿ, ಅದರಿಂದ ಪ್ರಯೋಜನವಾಗದಿದ್ದರೆ ನೀವು ಸಮಯ ಕೇಳಿಕೊಂಡು ಹೋಗಿ. ಹೋದಾಗ ಬೇರೆ ಹುಡುಗನ ಹೆಸರೆತ್ತಿ ಹೋಲಿಸಬೇಡಿ. ನಿಮ್ಮ ಮಗ ಯಾವುದರಲ್ಲಿ ಹಿಂದಿದ್ದಾನೆ, ಮುಂದಿನ ವಾರಗಳಲ್ಲಿ ಏನನ್ನು ಅಭ್ಯಾಸ ಮಾಡಬೇಕು ಎಂದಷ್ಟೇ ಕೇಳಿ.