ಬೇಡದ ಯೋಚನೆಗೆ ಹೆದರಿದ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಕಲಬುರಗಿಯ ಬಾಣಂತಿ, ಚೊಚ್ಚಲ ಹೆರಿಗೆಯಾಗಿ ಎರಡು ತಿಂಗಳು. ಕೂಸಿಗೆ ನೀರು ಹಾಕುವುದನ್ನು ಪೂರ್ತಿ ಅತ್ತೆಗೆ ಬಿಟ್ಟಿದ್ದಳು. ಚಾಕು, ಈಳಿಗೆಗಳನ್ನು ತಾನೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು. ಗಾಳಿ ಸೋಕಿದೆಯೆಂದು ಅತ್ತೆ ಗುಡಿಗೂ ದರ್ಗಾಕ್ಕೂ ಕರೆದೊಯ್ದಿದ್ದರು. ನನ್ನ ಬಳಿ ಸಲಹೆಗೆ ಬಂದಾಗ, ಅತ್ತೆಯನ್ನು ಹೊರಗೆ ಕೂರಿಸಿದ ಮೇಲೆ ಬಾಯಿ ಬಿಟ್ಟಳು: “ಕೂಸಿಗಿ ನಾನೇ ಏನರ ಮಾಡಿಬಿಡ್ತೀನಿ ಅಂತ ಅನಸ್ತದ್ರಿ ಮೇಡಂ. ನಾ ತಾಯಿ ಹೌದೇನ್ರಿ?”

ಮಾಡಬೇಕು ಅನಿಸುತ್ತದೋ, ಮಾಡಿಬಿಟ್ಟೇನು ಎಂಬ ಹೆದರಿಕೆಯೋ ಎಂದು ಕೇಳಿದೆ. ಮಾಡೆಂದು ಯಾರಾದರೂ ಹೇಳಿದಂತೆ ಕೇಳಿಸುತ್ತದೋ? ಇಲ್ಲ, ಬರೀ ಹೆದರಿಕೆ. ಇದು ಗೀಳಿನ ಲಕ್ಷಣ. ಹಸಿ ಬಾಣಂತಿಯರಲ್ಲಿ ಇಂಥ ಯೋಚನೆ ಸುಳಿಯುವುದು ಅಪರೂಪವಲ್ಲ, ನಾಚಿಕೆಗೆ ಹೇಳಿಕೊಳ್ಳುವುದಿಲ್ಲ ಅಷ್ಟೇ.

ತನ್ನ ಸ್ವಭಾವಕ್ಕೆ ಒಪ್ಪದೆ ಚುಚ್ಚುವ ಇಂಥ ಯೋಚನೆಗೆ ಮನೋವಿಜ್ಞಾನದಲ್ಲಿ ‘ಈಗೋ ಡಿಸ್ಟಾನಿಕ್’ ಎನ್ನುತ್ತಾರೆ. ತನ್ನ ಸ್ವಭಾವಕ್ಕೆ ಒಪ್ಪುವಂಥದ್ದು ‘ಈಗೋ ಸಿಂಟಾನಿಕ್’. ಗ್ರೀಕಿನಲ್ಲಿ ‘ಸಿನ್’ ಎಂದರೆ ಕೂಡಿ, ‘ಟೋನೋಸ್’ ಎಂದರೆ ಬಿಗಿತ, ಸ್ವರ. ‘ಡಿಸ್’ ಎಂದರೆ ಕೆಟ್ಟ. ಮನೋವಿಶ್ಲೇಷಣೆಯ ಪ್ರವರ್ತಕ ಫ್ರಾಯ್ಡ್ 1914ರ ಲೇಖನದಲ್ಲಿ ಬಳಸಿದ ಜರ್ಮನ್ ಪದವನ್ನು ಇಂಗ್ಲಿಷಿನವರು ಸಿಂಟಾನಿಕ್ ಎಂದು ತಂದರು. ಅದಕ್ಕೂ ಮೊದಲೇ ಬ್ರಿಟಿಷ್ ಭೌತವಿಜ್ಞಾನಿ ಆಲಿವರ್ ಲಾಡ್ಜ್ ನಿಸ್ತಂತು ಯಂತ್ರಗಳ ಶ್ರುತಿ ಕೂಡಿಸುವುದಕ್ಕೆ ಇದೇ ಪದ ಬಳಸಿದ್ದರು.

ಆಕೆಗೆ ಇಷ್ಟೆಲ್ಲ ಬೇಕಿರಲಿಲ್ಲ. ತಂದೆ ಭಜನೆಯಲ್ಲಿ ತತ್ವಪದ ಹಾಡುವವರು. “ಏಕತಾರಿ ಸುತಿ ತಪ್ಪಿದ್ರ ಯಾರಿಗಿ ಮೊದಲ ಚುಚ್ಚತದವ್ವಾ?” ಅಂದೆ. “ಅಪ್ಪಗೇ ರೀ.” “ಕೂಸಿನ ಮ್ಯಾಲ ಜೀವ ಇದ್ದದ್ದಕ್ಕೇ ನಿನಗ ಆ ಯೋಚನೆ ಚುಚ್ಚಾಕತ್ತದ.” ಆಗ ಅತ್ತಳು, ಬಹಳ ಹೊತ್ತು.

ಹೇಳಿದ ಸಲಹೆ ಇದು: ಯೋಚನೆ ಬಂದರೆ ಬರಲಿ, ಜಗಳಾಡಬೇಡ. ಟ್ರಂಕಿನ ಬೀಗ ತೆಗೆ. ಮೊದಲು ಅತ್ತೆ ಪಕ್ಕದಲ್ಲಿರುವಾಗ, ಆಮೇಲೆ ಒಬ್ಬಳೇ ಕೂಸಿಗೆ ನೀರು ಹಾಕು. ಹೆದರಿ ದೂರ ಸರಿದಷ್ಟೂ ಗೀಳು ಬಲಿಯುತ್ತದೆ. ಔಷಧ ಬೇಕೇ ಎಂದು ನೋಡಲು ಮನೋವೈದ್ಯರ ಬಳಿ ಕಳಿಸಿದೆ. ಹಾಲುಣಿಸುವಾಗಲೂ ಕೊಡಬಹುದಾದ ಔಷಧಗಳಿವೆ.

ಅತ್ತೆಗೆ ಹೇಳಿದ್ದು ಎರಡೇ ಮಾತು. ರಾತ್ರಿ ಒಂದು ಸಲವಾದರೂ ಕೂಸನ್ನು ನೀವು ನೋಡಿಕೊಳ್ಳಿ, ಸೊಸೆ ಮಲಗಲಿ. “ನಾ ಏನೂ ಮಾಡಂಗಿಲ್ಲಲ್ಲ ಅತ್ತಿ?” ಎಂದು ಆಕೆ ಮತ್ತೆ ಮತ್ತೆ ಕೇಳಿದರೆ ಪ್ರತಿ ಸಲ ಸಮಾಧಾನ ಹೇಳುತ್ತ ಕೂರಬೇಡಿ, ಅದೂ ಗೀಳಿಗೇ ಉಣಿಸಿದಂತೆ.

ಈಗ ಕೂಸಿನ ಸ್ನಾನ ಆಕೆಯದೇ. ಯೋಚನೆ ಆಗಾಗ ಬರುತ್ತದೆ, ಹಿಂದಿನಷ್ಟು ಹೊತ್ತು ನಿಲ್ಲುವುದಿಲ್ಲ.

ಆದರೆ ಬಾಣಂತಿಗೆ ಇಲ್ಲದ ದನಿ ಕೇಳಿಸುತ್ತಿದ್ದರೆ, ಕೂಸಿಗೆ ಕೇಡು ಮಾಡುವುದೇ ಸರಿ ಎಂದು ಆಕೆ ನಂಬಿದ್ದರೆ, ಅದು ಬೇರೆ ಕಾಯಿಲೆ. ಕೂಸಿನ ಜೊತೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.